ಗಣಕ ವೃತ್ತಿಯಲ್ಲಿ ಸ್ಥಿರತೆಯ ಪ್ರಶ್ನೆ

(ಪುಣೆಯಲ್ಲಿ ಸಂಘದ ವತಿಯಿಂದ ನಡೆದ ವಿದ್ಯಾರ್ಥಿ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಗಣಕ ವಿಜ್ಞಾನದಲ್ಲಿ ಸ್ಥಿರವಾದ ವೃತ್ತಿಯನ್ನು ಆಯ್ದುಕೊಳ್ಳುವುದು ಹೇಗೆ ಎಂಬುದು ಕಾರ್ಯದರ್ಶಿಗಳು ನನಗೆ ಒಪ್ಪಿಸಿದ ವಿಷಯ. ಇದಕ್ಕೆ ನನ್ನನ್ನೇ ಏಕೆ ಹಿಡಿದಿರಿ ಎಂದು ಕೇಳಿದೆ. "ನೀವು ಕೇಂದ್ರ ಸರಕಾರದವರು, ಮೂವತ್ತು ವರ್ಷದಿಂದ ಗಣಕ ವಿಭಾಗದಲ್ಲೇ ಇದ್ದೀರಿ. ನಿಮಗಿಂತ ಸ್ಥಿರವಾದವರು ನಮ್ಮಲ್ಲಿ ಇನ್ನಾರಿದ್ದಾರೆ?" ಎಂದರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಕುರಿತು ಮಾತನಾಡುವ ಮೊದಲು, ಈ ವಿಷಯದಲ್ಲಿ ಸಲಹೆ ಕೊಡುವ ನನ್ನ ಯೋಗ್ಯತೆ ಎಷ್ಟರಮಟ್ಟಿನದು ಎಂಬುದನ್ನು ನಿಮ್ಮ ಮುಂದಿಡುವುದು ನ್ಯಾಯ.

2001ರಲ್ಲಿ ನನ್ನ ಮಿತ್ರರೊಬ್ಬರು, ದಕ್ಷಿಣ ಕನ್ನಡದಿಂದ ಬಂದು ಇಲ್ಲಿ ಹೋಟೆಲು ನಡೆಸುತ್ತಿದ್ದವರು, ತಮ್ಮ ಮಗನನ್ನು ನಮ್ಮ ಮನೆಗೆ ಕರೆತಂದರು. ಹುಡುಗನಿಗೆ ಕಂಪ್ಯೂಟರ್ ಇಂಜಿನಿಯರಿಂಗಿನಲ್ಲಿ ಸೀಟು ದೊರೆತಿತ್ತು. ಅದಕ್ಕೆ ಹಿಂದಿನ ವರ್ಷದ ಮಾರ್ಚ್‌ನಿಂದ ಅಮೆರಿಕದ ಡಾಟ್‌ಕಾಂ ಕಂಪನಿಗಳ ಷೇರುಗಳು ಕುಸಿಯುತ್ತಿದ್ದವು. ನಮ್ಮಲ್ಲಿಯೂ ನೇಮಕ ಪತ್ರ ಕೈಗೆ ಬಂದಿದ್ದ ಹುಡುಗರಿಗೆ ಇನ್ನಷ್ಟು ತಿಂಗಳು ಕಾಯಲು ಹೇಳುತ್ತಿದ್ದರು. ನಾನು ಸರಕಾರಿ ಅಧಿಕಾರಿಗೆ ಸಹಜವಾದ ಗಾಂಭೀರ್ಯದಿಂದ, ಇದೆಲ್ಲ ನೀರ ಮೇಲಣ ಗುಳ್ಳೆ, ಮೆಕ್ಯಾನಿಕಲ್‌ಗೆ ಹಾಕಿ ಎಂದೆ. ಹಾಕಿದರು. ಹುಡುಗ ಪದವಿ ಮುಗಿಸಿ ಹೊರಬರುವ ಹೊತ್ತಿಗೆ ಹಿಂಜವಡಿಯ ಕಂಪನಿಗಳು ಬಸ್ಸುಗಟ್ಟಲೆ ಜನರನ್ನು ತುಂಬಿಕೊಳ್ಳುತ್ತಿದ್ದವು. ಅವನೂ ಮತ್ತೊಂದು ವರ್ಷ ವ್ಯಯಿಸಿ, ಬೇರೆ ತರಬೇತಿ ಪಡೆದು ಅಲ್ಲಿಗೇ ಹೋದ. ಇಂದು ಚೆನ್ನಾಗಿಯೇ ಇದ್ದಾನೆ. ಆದರೆ ಪ್ರತಿ ರಾಜ್ಯೋತ್ಸವದಲ್ಲಿಯೂ ಊಟದ ಸಾಲಿನಲ್ಲಿ ನನ್ನನ್ನು ಕಂಡರೆ, "ಅಂಕಲ್, ಈ ವರ್ಷ ಯಾವ ಕೋರ್ಸು ಮುಳುಗುತ್ತದೆ?" ಎಂದು ಕೇಳದೆ ಬಿಡುವುದಿಲ್ಲ. ಹದಿನೆಂಟು ತಿಂಗಳ ಪತ್ರಿಕಾ ಸುದ್ದಿಯನ್ನು ಓದಿ ಒಬ್ಬನ ನಲವತ್ತು ವರ್ಷದ ದುಡಿಮೆಯನ್ನು ನಿರ್ಧರಿಸಿದ್ದೆ ನಾನು.

ಎರಡನೆಯ ತಪ್ಪು ಮನೆಯೊಳಗಿನದು. 2021ರಲ್ಲಿ, ಕೋವಿಡ್ ಕಾಲದಲ್ಲಿ, ಸಾಫ್ಟ್‌ವೇರ್ ಕಂಪನಿಗಳು ಒಬ್ಬರ ಆಳನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದುದು ನಿಮಗೆ ನೆನಪಿರಬಹುದು. ಹಳೆಯ, ದೊಡ್ಡ ಕಂಪನಿಯೊಂದರಲ್ಲಿದ್ದ ನನ್ನ ಮಗಳಿಗೆ ಹೊಸದಾಗಿ ಹುಟ್ಟಿದ ಒಂದು ಕಂಪನಿ ದುಪ್ಪಟ್ಟು ಸಂಬಳಕ್ಕೆ ಕರೆ ಕಳಿಸಿತು. 2001ರ ಪಾಠವನ್ನು ಅತಿಯಾಗಿ ಕಲಿತಿದ್ದ ನಾನು, ಈ ಸಲ ಹೋಗು ಎಂದೆ. 2023ರ ಜನವರಿಯ ಒಂದು ಬೆಳಿಗ್ಗೆ ಅವಳಿಗೆ ಮಿಂಚಂಚೆಯೊಂದು ಬಂತು. ಮಧ್ಯಾಹ್ನದೊಳಗೆ ಅವಳ ಲ್ಯಾಪ್‌ಟಾಪು ಅವಳನ್ನು ಒಳಗೆ ಬಿಡಲಿಲ್ಲ. ಅದೇ ತಿಂಗಳು ಗೂಗಲ್ 12 ಸಾವಿರ, ಮೈಕ್ರೋಸಾಫ್ಟ್ 10 ಸಾವಿರ, ಅಮೆಜಾನ್ 18 ಸಾವಿರ ಜನರನ್ನು ಕೆಲಸದಿಂದ ತೆಗೆಯುವುದಾಗಿ ಘೋಷಿಸಿದವು. ಮಗಳ ಕಂಪನಿ ಅಷ್ಟು ದೊಡ್ಡದಲ್ಲ, ಅದರ ಸುದ್ದಿ ಪತ್ರಿಕೆಗೆ ಬರಲೂ ಇಲ್ಲ. ಅವಳ ಹೆಸರಿನಲ್ಲಿ ಫ್ಲ್ಯಾಟಿನ ಸಾಲವಿತ್ತು. ಆ ಫ್ಲ್ಯಾಟನ್ನು ಕೊಳ್ಳಲು ಹೇಳಿದವನೂ ನಾನೇ.

ಅಂದು ರಾತ್ರಿ ಊಟದ ಹೊತ್ತಿನಲ್ಲಿ ನಾನು, ಇನ್ನಾದರೂ ಬ್ಯಾಂಕ್ ಪರೀಕ್ಷೆಗೆ ಕೂಡು, ನನ್ನಂತೆ ಒಂದು ಕಡೆ ನೆಲೆ ನಿಲ್ಲು ಎಂದೆ. ಅವಳು ತಟ್ಟೆಯಿಂದ ತಲೆ ಎತ್ತದೆ, ನಮ್ಮ ಧಾರವಾಡದ ಮಾತಿನಲ್ಲಿಯೇ, "ಅಪ್ಪಾ, ನೀವು ಮೂವತ್ತು ವರ್ಷ ಒಂದ ಕುರ್ಚಿ ಮ್ಯಾಲ ಕೂತೀರಿ ಖರೆ. ಒಂದ ಕೆಲಸಾ ಮಾಡೀರೇನು?" ಎಂದಳು.

ನನಗೆ ಉತ್ತರ ತೋಚಲಿಲ್ಲ. ಅನಂತರ ಕುಳಿತು ಲೆಕ್ಕ ಹಾಕಿದೆ.

ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮಾಡಿದವನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಪ್ರೊ. ವಿ. ರಾಜಾರಾಮನ್ನರ ಫೋರ್ಟ್ರಾನ್ ಪುಸ್ತಕವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದ್ದೇನೆ. ನಮ್ಮ ಪ್ರೋಗ್ರಾಮು ಮೊದಲು ಕಾಗದದ ಮೇಲೆ ಓಡಬೇಕಾಗಿತ್ತು. ಗಣಕದ ಸರದಿ ವಾರಕ್ಕೊಮ್ಮೆ ಬರುತ್ತಿತ್ತು. 1995ರಲ್ಲಿ ಕೇಂದ್ರ ಸರಕಾರದ ಕಛೇರಿಯೊಂದರ ಲೆಕ್ಕಪತ್ರ ಗಣಕೀಕರಣ ವಿಭಾಗಕ್ಕೆ ಸೇರಿದಾಗ ಅಲ್ಲಿದ್ದುದು ಕೊಬಾಲ್ ಮತ್ತು ಫಾಕ್ಸ್‌ಪ್ರೊ. ಫೋರ್ಟ್ರಾನನ್ನು ಮರೆತು ಇವನ್ನು ಕಲಿತೆ. 1998 ಮತ್ತು 1999, ಈ ಎರಡು ವರ್ಷಗಳು ಇಸವಿಯ ಎರಡಂಕಿಯನ್ನು ನಾಲ್ಕಂಕಿ ಮಾಡುವುದರಲ್ಲಿ ಕಳೆದವು. 1999ರ ಡಿಸೆಂಬರ್ 31ರ ರಾತ್ರಿ ನಾವು ಆರು ಜನ ಕಛೇರಿಯಲ್ಲಿ ಚಹ ಕುಡಿಯುತ್ತ ಕುಳಿತಿದ್ದೆವು. ಹನ್ನೆರಡು ಹೊಡೆಯಿತು, ಏನೂ ಆಗಲಿಲ್ಲ. ಏನೂ ಆಗದಿದ್ದುದರಿಂದ ಎಲ್ಲವೂ ಸುಳ್ಳು ಗದ್ದಲವಾಗಿತ್ತೆಂದು ಇಂದಿಗೂ ಅನೇಕರು ಹೇಳುತ್ತಾರೆ. ಆ ಎರಡು ವರ್ಷದ ಕೆಲಸ ಅವರ ಕಣ್ಣಿಗೆ ಬೀಳದಿರುವುದು ಸ್ವಾಭಾವಿಕ. ಅದಾದ ಮೇಲೆ ಒರೇಕಲ್ ಬಂತು, ಮತ್ತೆ ಅಂತರಜಾಲದ ಮೂಲಕ ನಡೆಯುವ ವ್ಯವಸ್ಥೆ, ಮತ್ತೆ ಕಾಗದವಿಲ್ಲದ ಕಡತ. ಫಾಕ್ಸ್‌ಪ್ರೊವನ್ನು ಇನ್ನು ಮುಂದುವರಿಸುವುದಿಲ್ಲವೆಂದು ಮೈಕ್ರೋಸಾಫ್ಟ್ 2007ರಲ್ಲಿಯೇ ಸಾರಿತು. ಕುರ್ಚಿ ಒಂದೇ, ಅದರ ಮೇಲೆ ಕುಳಿತು ನಾನು ಕನಿಷ್ಠ ನಾಲ್ಕು ಉದ್ಯೋಗಗಳನ್ನು ಕಲಿತು ಮೂರನ್ನು ಮರೆತಿದ್ದೇನೆ. ನನಗೂ ನನ್ನ ಮಗಳಿಗೂ ಇದ್ದ ವ್ಯತ್ಯಾಸವಿಷ್ಟೇ: ನಾನು ಕಲಿಯುವಷ್ಟು ಕಾಲ ಸರಕಾರ ಸಂಬಳ ಕೊಟ್ಟಿತು, ಅವಳಿಗೆ ಕೊಡುವವರಿರಲಿಲ್ಲ.

ಹಾಗಾದರೆ ಎಲ್ಲವೂ ಬದಲಾಗುವುದಾದರೆ, ಉಳಿಯುವುದು ಯಾವುದು? ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ.

ನಮ್ಮ ವಿಭಾಗದಲ್ಲಿ ಒಬ್ಬ ಮರಾಠಿ ಮಹಿಳೆ ಗುಮಾಸ್ತೆಯಾಗಿದ್ದರು. ಎಲ್ಲರಿಗೂ ಅವರು 'ತಾಈ', ಅಂದರೆ ಅಕ್ಕ. ಇತಿಹಾಸದಲ್ಲಿ ಬಿ.ಎ. ಸುಮಾರು 2004ರಲ್ಲಿ ಹೊರಗಿನಿಂದ ಗುತ್ತಿಗೆಯ ಮೇಲೆ ಬಂದ ಜಾಣ ಹುಡುಗನೊಬ್ಬ ಮುಂದಿನ ಹತ್ತು ವರ್ಷಗಳಲ್ಲಿ ಯಾರು ಯಾವಾಗ ನಿವೃತ್ತರಾಗುತ್ತಾರೆಂಬ ಪಟ್ಟಿಯನ್ನು ತೆಗೆಯುವ ಪ್ರೋಗ್ರಾಮು ಬರೆದ. ಜನ್ಮದಿನಾಂಕಕ್ಕೆ 60 ವರ್ಷ ಕೂಡಿಸಿ, ಆ ತಿಂಗಳ ಕೊನೆಯ ದಿನವನ್ನು ಹಿಡಿದಿದ್ದ. ನಮಗೆಲ್ಲ ಸರಿಯೆಂದೇ ತೋರಿತು. ತಾಈ ಪಟ್ಟಿಯ ಮೇಲೆ ಕಣ್ಣಾಡಿಸಿ, "ಜೂನ್ 30ಕ್ಕೆ ಇಷ್ಟೊಂದು ಜನ ಹೇಗೆ ನಿವೃತ್ತರಾಗುತ್ತಾರೆ? ಮೇ 31ಕ್ಕೆ ಆಗಬೇಕಲ್ಲ?" ಎಂದರು. ತಿಂಗಳ ಮೊದಲನೆಯ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಮ್ಮ ಮೂಲ ನಿಯಮ. ಮೊದಲನೆಯ ತಾರೀಖು ಹುಟ್ಟುವವರು ಎಷ್ಟು ಮಂದಿ ಇದ್ದಾರು ಎನ್ನುತ್ತೀರಾ? ಈ ಸಭೆಯಲ್ಲಿರುವ ಹಿರಿಯರು ನಗುತ್ತಿರುವುದು ಕಾಣುತ್ತಿದೆ. ಕರ್ನಾಟಕದಲ್ಲಾಗಲಿ ಮಹಾರಾಷ್ಟ್ರದಲ್ಲಾಗಲಿ, ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ತಿಳಿಯದಿದ್ದರೆ ಮಾಸ್ತರರು ಬರೆದುಕೊಳ್ಳುತ್ತಿದ್ದುದು ಜೂನ್ 1. ನಮ್ಮ ತಲೆಮಾರಿನ ಹಳ್ಳಿಯ ಮಕ್ಕಳಲ್ಲಿ ಎಷ್ಟೋ ಜನರ ಜನ್ಮದಿನ ಅದೇ; ನನ್ನದೂ ಅದೇ.

ಆ ಹುಡುಗನಿಗೆ ಭಾಷೆ ಗೊತ್ತಿತ್ತು, ವಿಷಯ ಗೊತ್ತಿರಲಿಲ್ಲ. ತಾಈಗೆ ವಿಷಯ ಗೊತ್ತಿತ್ತು. ಆ ಬಳಿಕ ಅವರು ತಾವಾಗಿಯೇ ಬಂದು, ಪಟ್ಟಿಯನ್ನು ಬೇಡುವ ಭಾಷೆ ಯಾವುದಿದೆಯೋ ಅದನ್ನು ತಮಗೂ ಕಲಿಸಿ ಎಂದರು. ಎಸ್‌ಕ್ಯೂಎಲ್ ಕಲಿಸಿದೆವು. ಆಗ ಅವರಿಗೆ 45 ದಾಟಿತ್ತು. ನಾಲ್ಕು ತಿಂಗಳು ಹಿಡಿಯಿತು. ನಿವೃತ್ತರಾಗುವವರೆಗೆ ನಮ್ಮ ವಿಭಾಗದಲ್ಲಿ ಅವರಿಲ್ಲದೆ ಯಾವ ವರದಿಯೂ ಹೊರಬೀಳಲಿಲ್ಲ. ಫಾಕ್ಸ್‌ಪ್ರೊದಲ್ಲಿ ಅವರಿಗಿಂತ ಹತ್ತರಷ್ಟು ಬಲ್ಲವನಾಗಿದ್ದ ನಮ್ಮದೇ ಇನ್ನೊಬ್ಬ ಸಹೋದ್ಯೋಗಿ ಒರೇಕಲ್ ಬಂದ ಮೇಲೆ ಆವಕ-ಜಾವಕ ಪುಸ್ತಕಕ್ಕೆ ಹೋದ. ಅವನು ಕಲಿತಿದ್ದುದು ಒಂದು ಉಪಕರಣದ ಗುಂಡಿಗಳನ್ನು ಮಾತ್ರ.

ಕಳೆದ ವರ್ಷ ಕುತೂಹಲಕ್ಕಾಗಿ ಇದೇ ಪಟ್ಟಿಯ ಪ್ರೋಗ್ರಾಮನ್ನು ಕೃತಕ ಬುದ್ಧಿಮತ್ತೆಯ ಒಂದು ಯಂತ್ರಕ್ಕೆ ಬರೆಯಲು ಹೇಳಿದೆ. ನಾನು ಕನ್ನಡಕ ಒರೆಸಿಕೊಳ್ಳುವುದರೊಳಗೆ ಬರೆದು ಮುಗಿಸಿತು. ಅಚ್ಚುಕಟ್ಟಾಗಿತ್ತು, ಆ ಹುಡುಗನದಕ್ಕಿಂತ ಚೆನ್ನಾಗಿಯೇ ಇತ್ತು. ಜೂನ್ 1ರ ತಪ್ಪೂ ಹಾಗೆಯೇ ಇತ್ತು. ನಿಯಮವನ್ನು ಹೇಳಿದೊಡನೆ ಕ್ಷಮೆ ಕೋರಿ ತಿದ್ದಿತು. ಹೇಳುವವರೊಬ್ಬರು ಬೇಕಾಯಿತು. ಆದರೆ ಇದರಿಂದ ನೆಮ್ಮದಿ ಪಡೆಯಬೇಡಿ. ಮುಂದಿನ ಯಂತ್ರ ನಿಯಮಾವಳಿಯನ್ನೂ ಓದಿಕೊಂಡು ಬರಬಹುದು. ಮೇಲಾಗಿ, ಆ ಗುತ್ತಿಗೆಯ ಹುಡುಗನಂಥವರು ಮೊದಲ ಎರಡು ವರ್ಷ ಮಾಡುತ್ತಿದ್ದ ಕೆಲಸವನ್ನು ಯಂತ್ರವೇ ಮಾಡತೊಡಗಿದರೆ, ಹೊಸಬರು ತಪ್ಪು ಮಾಡುತ್ತ ಕಲಿಯುವ ಜಾಗ ಎಲ್ಲಿ ಉಳಿಯಿತು? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. 2025ರ ಜುಲೈಯಲ್ಲಿ ಟಿಸಿಎಸ್‌ನಂಥ, ನಾವೆಲ್ಲ ಅರೆಸರಕಾರಿ ಎಂದೇ ಭಾವಿಸಿದ್ದ ಕಂಪನಿ ಸುಮಾರು 12 ಸಾವಿರ ಜನರನ್ನು ಕಡಿಮೆ ಮಾಡುವುದಾಗಿ ಹೇಳಿದಾಗ ಈ ಸಂಘದ ಎಷ್ಟು ಮನೆಗಳಲ್ಲಿ ದೂರವಾಣಿ ಗಂಟೆ ಬಾರಿಸಿತೆಂಬುದು ನನಗೆ ಗೊತ್ತು.

ಮಗಳ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಅವಳಿಗೆ ಮರಳಿ ಕೆಲಸ ಸಿಗಲು ಏಳು ತಿಂಗಳು ಬೇಕಾದವು. ಮೊದಲ ಎರಡು ಸಂದರ್ಶನಗಳಲ್ಲಿ ಅವಳು ಸೋತ ಪ್ರಶ್ನೆ ಯಾವುದು ಗೊತ್ತೆ? ಉಳಿದಿರುವ ಒಂದೇ ಸೀಟಿಗೆ ಇಬ್ಬರು ಒಂದೇ ಕ್ಷಣದಲ್ಲಿ ಹಣ ಕಟ್ಟಿದರೆ ಗಣಕ ಏನು ಮಾಡಬೇಕು? ಇದು 1985ರಲ್ಲಿ ದೆಹಲಿಯಲ್ಲಿ ರೈಲ್ವೆ ಮುಂಗಡ ಟಿಕೆಟ್ಟಿನ ಗಣಕೀಕರಣ ಆರಂಭವಾದಾಗಲೇ ಬಿಡಿಸಬೇಕಾಗಿದ್ದ ಪ್ರಶ್ನೆ. ವ್ಯವಸ್ಥೆ ಬದಲಾಯಿತು, ಊರೂರಿನ ಗಣಕಗಳನ್ನು ಬೆಸೆದ 'ಕನ್ಸರ್ಟ್' ಬಂತು, 2002ರಿಂದ ಮನೆಯಲ್ಲೇ ಕುಳಿತು ಟಿಕೆಟು ತೆಗೆಯುವಂತಾಯಿತು. ಪ್ರಶ್ನೆ ಮಾತ್ರ ಅದೇ, ಉತ್ತರದ ತತ್ತ್ವವೂ ಅದೇ. ಕಾಲೇಜಿನಲ್ಲಿ ಅವಳು ಇದನ್ನು ಓದಿದ್ದಳು, ಅಂಕಗಳನ್ನೂ ಪಡೆದಿದ್ದಳು. ಎರಡು ವರ್ಷ ಮೊಬೈಲ್ ಪರದೆಯ ಅಂದಚೆಂದವನ್ನಷ್ಟೇ ತಿದ್ದುತ್ತ ಎಲ್ಲ ಮರೆತಿದ್ದಳು. ಅನಂತರ ಅಟ್ಟದ ಮೇಲಿನ ಪುಸ್ತಕಗಳು ಕೆಳಗಿಳಿದವು. ದತ್ತಸಂಚಯ, ಕಾರ್ಯಾಚರಣ ವ್ಯವಸ್ಥೆ, ಗಣಕಜಾಲ, ಈ ಮೂರನ್ನೂ ಮೊದಲಿನಿಂದ ಓದಿದಳು. ಐಐಟಿಗಳ ಎನ್‌ಪಿಟಿಇಎಲ್ ಪಾಠಗಳನ್ನು ಬೆಳಗಿನ ಜಾವ ಕೇಳುತ್ತಿದ್ದಳು. ಈಗ ವಿಮಾ ಪರಿಹಾರದ ಲೆಕ್ಕವನ್ನು ನೋಡಿಕೊಳ್ಳುವ ಒಂದು ಕಂಪನಿಯಲ್ಲಿದ್ದಾಳೆ. ಮೊದಲಿದ್ದುದಕ್ಕಿಂತ ಸಂಬಳ ಕಡಿಮೆ. ವಿಮೆಯ ನಿಯಮಗಳ ದಪ್ಪ ಪುಸ್ತಕವೊಂದು ಅವಳ ಮೇಜಿನ ಮೇಲೆ ಬಂದಿರುವುದನ್ನು ಕಂಡು ನನಗೆ ತಾಈ ನೆನಪಾದರು.

ಉಳಿಯುವ ವಿದ್ಯೆ ಯಾವುದೆಂಬುದಕ್ಕೆ ಇತಿಹಾಸವೇ ಸಾಕ್ಷಿ ಹೇಳುತ್ತದೆ. ದತ್ತಾಂಶವನ್ನು ಕೋಷ್ಟಕಗಳ ಸಂಬಂಧವಾಗಿ ಕಾಣುವ ಕಲ್ಪನೆಯನ್ನು ಕಾಡ್ ಎಂಬ ವಿಜ್ಞಾನಿ ಮುಂದಿಟ್ಟದ್ದು 1970ರಲ್ಲಿ. ಯುನಿಕ್ಸ್ ಹುಟ್ಟಿದ್ದು 1969ರಲ್ಲಿ. ಇಂದು ಅಂತರಜಾಲವನ್ನು ಹೊತ್ತಿರುವ ಒಡಂಬಡಿಕೆಗಳು 1970ರ ದಶಕದವು. ಕೊಬಾಲ್ ನನಗಿಂತ ಹತ್ತು ವರ್ಷ ಹಿರಿದು. ಅದು ಸತ್ತಿತೆಂದು ನಾನು ಕೆಲಸಕ್ಕೆ ಸೇರಿದ ದಿನದಿಂದ ಕೇಳುತ್ತಿದ್ದೇನೆ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ನಿರುದ್ಯೋಗ ಭತ್ಯೆಯ ಹಳೆಯ ಗಣಕಗಳು ಅರ್ಜಿಗಳ ಭಾರಕ್ಕೆ ಕುಸಿದಾಗ, ಕೊಬಾಲ್ ಬಲ್ಲವರು ಯಾರಾದರೂ ಇದ್ದರೆ ಬನ್ನಿ ಎಂದು ಅಲ್ಲಿನ ಗವರ್ನರರೇ ಕರೆ ಕೊಡಬೇಕಾಯಿತು. ನಮ್ಮ ಭಾಷೆಯದೇ ಒಂದು ಉದಾಹರಣೆ ಕೊಡುವುದಾದರೆ, ನಮ್ಮಂತೆಯೇ ಹೊರನಾಡಿನಲ್ಲಿ, ಮುಂಬಯಿಯಲ್ಲಿ ದುಡಿದ ಕೆ. ಪಿ. ರಾಯರು ಕನ್ನಡಕ್ಕೆ ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ನೋಡಿ. ಡಾಸ್ ಹೋಯಿತು, ವಿಂಡೋಸ್ ಬಂತು. ಒಬ್ಬೊಬ್ಬರದೊಂದೊಂದು ಅಕ್ಷರ ಸಂಕೇತ ಹೋಗಿ ಯೂನಿಕೋಡ್ ಬಂತು. 'ನುಡಿ' ತಂತ್ರಾಂಶದಲ್ಲಿಯೂ ಅದರ ನಂತರವೂ ಆ ವಿನ್ಯಾಸ ಬಾಳಿದೆ. ಅದು ಯಾವ ಯಂತ್ರವನ್ನೂ ಆಧರಿಸಿಲ್ಲ, ವ್ಯಂಜನಕ್ಕೆ ಸ್ವರ ಕೂಡುವ ನಮ್ಮ ಲಿಪಿಯ ತರ್ಕವನ್ನು ಆಧರಿಸಿದೆ.

ಇನ್ನು ವಿದ್ಯಾರ್ಥಿಗಳಿಗೆ ನೇರವಾಗಿ ಕೆಲವು ಮಾತು. ಈ ಶಾಖೆಯನ್ನು ಆರಿಸುವ ಮೊದಲು ಆರು ತಿಂಗಳು ನೀವಾಗಿಯೇ ಪ್ರೋಗ್ರಾಮು ಬರೆದು ನೋಡಿ. ಪೈಥಾನ್ ಸಾಕು. ರಾತ್ರಿ ಹನ್ನೊಂದಕ್ಕೆ ತಪ್ಪು ಎಲ್ಲಿದೆಯೆಂದು ತಿಳಿಯದೆ ಮಲಗಿ, ಬೆಳಿಗ್ಗೆ ಹಲ್ಲುಜ್ಜುವಾಗ ಅದು ಹೊಳೆದು ಸಂತೋಷವಾದರೆ ಈ ದಾರಿ ನಿಮ್ಮದು. ಬೇಸರವೇ ಹೆಚ್ಚಾದರೆ ಪಕ್ಕದ ಮನೆಯವರ ಮಗನ ಸಂಬಳ ನೋಡಿ ಬರಬೇಡಿ; ಆ ಸಂಬಳವೂ ನೀವೆಣಿಸಿದಷ್ಟಿಲ್ಲ. ದೊಡ್ಡ ಸೇವಾ ಕಂಪನಿಗಳು ಸಾಮಾನ್ಯವಾಗಿ ಹೊಸಬರಿಗೆ ಕೊಡುವ ವೇತನ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ನಿಂತುಬಿಟ್ಟಿದೆ. ಗಣಿತಕ್ಕೆ ಹೆದರಿ ಗಣಕಕ್ಕೆ ಬರುವವರನ್ನು ಕಂಡಿದ್ದೇನೆ, ಅದು ನೀರಿಗೆ ಹೆದರಿ ದೋಣಿ ಹತ್ತಿದಂತೆ. ಬಿ.ಎಸ್ಸಿ., ಬಿ.ಸಿ.ಎ. ಮಾಡಿದವರು ಕುಗ್ಗಬೇಕಾಗಿಲ್ಲ. ಎಂ.ಸಿ.ಎ. ಈಗ ಮೂರರ ಬದಲು ಎರಡೇ ವರ್ಷ. ಗೇಟ್ ಪರೀಕ್ಷೆಯ ಬಾಗಿಲು ಅವರಿಗೂ ತೆರೆದಿದೆ. ಅದರ ಅಂಕ ಮೂರು ವರ್ಷ ಸಲ್ಲುತ್ತದೆ. ಕೆಲಸ ಸಿಗದಿದ್ದರೂ ಆ ಸಿದ್ಧತೆ ನನ್ನ ಮಗಳು ಏಳು ತಿಂಗಳಲ್ಲಿ ಓದಿದುದನ್ನೇ ಓದಿಸುತ್ತದೆ. ಕೆಲಸ ಗ್ಯಾರಂಟಿ ಎಂದು ಫಲಕ ಹಾಕಿ ಲಕ್ಷಗಟ್ಟಲೆ ಕೇಳುವ ತರಬೇತಿ ಕೇಂದ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ಯಾರಂಟಿಯನ್ನು ಬರಹದಲ್ಲಿ ಕೇಳಿ, ಉತ್ತರ ತಾನಾಗಿಯೇ ತಿಳಿಯುತ್ತದೆ.

ತಂದೆತಾಯಿಯರು ನನ್ನನ್ನು ಹೆಚ್ಚಾಗಿ ಕೇಳುವುದು ಸರಕಾರಿ ಗಣಕ ಹುದ್ದೆಯ ಬಗ್ಗೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದಲ್ಲಿ, ಬ್ಯಾಂಕುಗಳಲ್ಲಿ, ಇಸ್ರೋದಲ್ಲಿ ಒಳ್ಳೆಯ ಹುದ್ದೆಗಳಿವೆ; ಸ್ಪರ್ಧೆ ಬಹಳ, ಹುದ್ದೆ ಕಡಿಮೆ. ಆದರೆ ಒಂದು ವಿಷಯವನ್ನು ಬಿಚ್ಚಿ ಹೇಳಬೇಕು. ಸರಕಾರಿ ಕಟ್ಟಡದೊಳಗೆ ಗಣಕದ ಮುಂದೆ ಕುಳಿತವರೆಲ್ಲ ಸರಕಾರಿ ನೌಕರರಲ್ಲ. ನನ್ನದೇ ವಿಭಾಗದಲ್ಲಿ ಪ್ರೋಗ್ರಾಮು ಬರೆಯುವವರಲ್ಲಿ ಹೆಚ್ಚಿನವರು ಗುತ್ತಿಗೆದಾರರ ಮೂಲಕ ಬಂದವರು. ಒಂದೇ ಕೋಣೆ, ಒಂದೇ ಕೆಲಸ. ಅವರಿಗೆ ನನ್ನ ರಜೆಯಿಲ್ಲ, ನನ್ನ ವೈದ್ಯಕೀಯ ಸೌಲಭ್ಯವಿಲ್ಲ, ಮುಂದಿನ ಮಾರ್ಚ್‌ಗೆ ಕೆಲಸ ಇರುವುದೆಂಬ ಭರವಸೆಯಿಲ್ಲ. ಖಾಸಗಿಯವರು ಜನರನ್ನು ಹೊರಹಾಕಿದರೆ ನಾವು ಖಂಡಿಸುತ್ತೇವೆ. ಪ್ರಭುತ್ವವೇ ತನ್ನ ಮನೆಯೊಳಗೆ ಎರಡು ಜಾತಿಗಳನ್ನು ಮಾಡಿರುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ಅಧಿಕಾರಿಯಾಗಿ ಅವರ ಗುತ್ತಿಗೆಯ ಕಡತಕ್ಕೆ ಪ್ರತಿವರ್ಷ ಸಹಿ ಹಾಕುವವರಲ್ಲಿ ನಾನೂ ಒಬ್ಬ. ಇನ್ನು ಪಿಂಚಣಿಯ ವಿಷಯ. ನನ್ನದು ಹಳೆಯ ಪದ್ಧತಿ. 2004ರ ಜನವರಿ 1ರ ನಂತರ ಕೇಂದ್ರ ಸೇವೆಗೆ ಸೇರಿದ ನಾಗರಿಕ ನೌಕರರಿಗೆ ಹೊಸ ಯೋಜನೆ. 2025ರ ಏಪ್ರಿಲ್‌ನಿಂದ ಅವರಿಗೆ ಏಕೀಕೃತ ಪಿಂಚಣಿಯ ಆಯ್ಕೆಯೂ ಬಂದಿದೆ, ಅದರಲ್ಲಿ ಪೂರ್ಣ ಭರವಸೆಗೆ 25 ವರ್ಷದ ಸೇವೆ ಬೇಕು. ಆದುದರಿಂದ ನನ್ನ ಕುರ್ಚಿಯನ್ನು ತೋರಿಸಿ ನಿಮ್ಮ ಮಕ್ಕಳಿಗೆ ಸರಕಾರಿ ಕೆಲಸದ ಆಸೆ ಹುಟ್ಟಿಸಬೇಡಿ. ಈ ಕುರ್ಚಿಯನ್ನು ಮಾಡುವುದನ್ನು ಅವರು ನಿಲ್ಲಿಸಿಯೇ ಇಪ್ಪತ್ತು ವರ್ಷವಾಯಿತು.

ಮತ್ತೊಂದು ಮಾತನ್ನು ಹಿರಿಯರಿಗೇ ಹೇಳಬೇಕಾಗಿದೆ. ಮಗನೋ ಮಗಳೋ ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಲ್ಲಿಯೇ ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕಿಸಬೇಡಿ. ಮೊದಲು ಎಂಟು-ಹತ್ತು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಬೀಳಲಿ. ನಮ್ಮ ಮನೆಯಲ್ಲಿ ಆ ಏಳು ತಿಂಗಳ ಕಂತನ್ನು ಕಟ್ಟಿದ್ದು ನನ್ನ ಭವಿಷ್ಯನಿಧಿ. ಮಗಳು ಪುಸ್ತಕ ತೆರೆದು ಕುಳಿತುಕೊಳ್ಳಲು ಸಾಧ್ಯವಾದದ್ದು ಅದರಿಂದ. ಆ ಅನುಕೂಲವಿಲ್ಲದವರು ಸಿಕ್ಕಿದ ಮೊದಲ ಕೆಲಸಕ್ಕೆ, ಎಷ್ಟೇ ಕೆಳಗಿನದಾದರೂ, ಹೋಗಲೇಬೇಕಾಗುತ್ತದೆ. ಅಂಥ ಇಬ್ಬರು ಯುವಕರು ಈ ಸಂಘದಲ್ಲಿಯೇ ಇದ್ದಾರೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಒಳಗಿನಿಂದ ಒಗ್ಗರಣೆಯ ವಾಸನೆಯೂ ಬರುತ್ತಿದೆ. ಕೊನೆಯದಾಗಿ ಒಂದು ಪ್ರಕಟಣೆ. ಸಂಘದ ವಾಚನಾಲಯದಲ್ಲಿ ದಾನವಾಗಿ ಬಂದ ಮೂರು ಹಳೆಯ ಲ್ಯಾಪ್‌ಟಾಪುಗಳಿವೆ. ಮುಂದಿನ ಭಾನುವಾರದಿಂದ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು ಅಲ್ಲಿ ಎಸ್‌ಕ್ಯೂಎಲ್ ಹೇಳಿಕೊಡುತ್ತೇನೆ. ಗಣಕಜಾಲದ ಪಾಠವನ್ನು ಮಗಳು ಒಪ್ಪಿಕೊಂಡಿದ್ದಾಳೆ. ತಾಈಯವರಿಗೂ ಫೋನು ಮಾಡಿದ್ದೇನೆ, ಮೊಣಕಾಲು ನೋವು ಕಡಿಮೆಯಾದರೆ ಬರುತ್ತಾರಂತೆ. ಶುಲ್ಕವಿಲ್ಲ, ವಯಸ್ಸಿನ ಮಿತಿಯಿಲ್ಲ. ಒಂದು ನೋಟುಪುಸ್ತಕ ಮತ್ತು ಪೆನ್ಸಿಲು ತನ್ನಿ. ಮೊದಲ ನಾಲ್ಕು ವಾರ ಪ್ರೋಗ್ರಾಮು ಕಾಗದದ ಮೇಲೆಯೇ ಓಡಬೇಕು.